ಗಣಿತ ಬರೆಯುವ ಯಂತ್ರವೂ ಬೆರಳಿನ ತಾಳ್ಮೆಯೂ

ಬರವಣಿಗೆಗೆ ಮುಖ್ಯವಾದುದು ವಿಚಾರ, ಸಾಧನ ಯಾವುದಾದರೇನು ಎಂದು ಕೇಳುವವರುಂಟು. ಮೇಲ್ನೋಟಕ್ಕೆ ಈ ಮಾತು ಸರಿಯೆಂದೇ ತೋರುತ್ತದೆ. ಹಲಗೆ ಬಳಪಗಳಿಂದ ಕಲಿತವರೂ ದೊಡ್ಡ ಲೆಕ್ಕಗಳನ್ನು ಮಾಡಿದ್ದಾರೆ, ಮಸಿಕುಡಿಕೆಯ ಲೇಖನಿಯಿಂದ ಬರೆದವರೂ ಗಹನವಾದ ಪ್ರಮೇಯಗಳನ್ನು ಸಾಧಿಸಿದ್ದಾರೆ. ಆದರೆ ಅವರಿಗಿದ್ದ ಒಂದು ಸೌಕರ್ಯವನ್ನು ನಾವು ಮರೆಯುತ್ತೇವೆ. ಬಳಪ ಹಲಗೆಗೆ ತಾಗಿದ ಕ್ಷಣದಲ್ಲಿಯೇ ಗೆರೆ ಕಣ್ಣಿಗೆ ಬೀಳುತ್ತಿತ್ತು. ಕೈ ಮುಂದೆ, ಅಕ್ಷರ ಹಿಂದೆ ಎಂಬ ಸ್ಥಿತಿ ಅವರಿಗೆ ಎಂದೂ ಬರಲಿಲ್ಲ. ಇಂದು ಗಣಿತವನ್ನು ಕಂಪ್ಯೂಟರಿನಲ್ಲಿ ಬರೆಯುವವರಿಗೆ ಆ ಸ್ಥಿತಿ ಅನೇಕ ವೇಳೆ ಬರುತ್ತದೆ. ಅದು ಏಕೆ ಬರುತ್ತದೆ, ಅದನ್ನು ಹೇಗೆ ತಪ್ಪಿಸಬಹುದು, ತಪ್ಪಿಸುವ ಹೊಣೆ ಯಾರದು ಎಂಬ ಮೂರು ಪ್ರಶ್ನೆಗಳನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನಾನು ಹೇಳಹೊರಟಿರುವುದು ‘ಕಂಡಂತೆ ಬರೆಯುವ’ ಎಡಿಟರುಗಳ ವಿಷಯ. ಭಿನ್ನರಾಶಿ, ವರ್ಗಮೂಲ, ಅನುಕಲನದ ಚಿಹ್ನೆ ಮುಂತಾದುವನ್ನು ಅಚ್ಚಿನಲ್ಲಿ ಬರುವ ರೂಪದಲ್ಲಿಯೇ ಪರದೆಯ ಮೇಲೆ ತೋರಿಸಿ, ಅಲ್ಲಿಯೇ ತಿದ್ದಲು ಬಿಡುವ ತಂತ್ರಾಂಶಗಳಿವು. ಕಲಾ ಕಾಲೇಜಿನ ಪತ್ರಿಕೆಗೆ ಇದೇನು ವಿಷಯವೆಂದು ಯಾರೂ ಹುಬ್ಬೇರಿಸಬೇಕಾಗಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಬೇಡಿಕೆಯ ಸಮೀಕರಣ ಬೇಕು, ಸಂಖ್ಯಾಶಾಸ್ತ್ರದವನಿಗೆ ಸಂಕಲನದ ಚಿಹ್ನೆ ಬೇಕು, ತರ್ಕಶಾಸ್ತ್ರ ಓದುವವಳಿಗೂ ಸಂಕೇತಗಳಿಲ್ಲದೆ ನಡೆಯದು. ಬಿ.ಎ. ತರಗತಿಗಳಿಗೆ ಗಣಿತ ಹೇಳುತ್ತ ಬಂದಿರುವ ನನಗೆ ಇವರೆಲ್ಲರ ಬರಹಗಳನ್ನೂ ಪರದೆಯ ಮೇಲೆ ನೋಡುವ ಅವಕಾಶ ದೊರೆತಿದೆ.

ಮೊದಲು ಸ್ವಲ್ಪ ಇತಿಹಾಸ. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಗಣಿತದ ಪುಸ್ತಕವೆಂದರೆ ಮುದ್ರಣಾಲಯದವರಿಗೆ ತಲೆನೋವು. ಅಂಶವನ್ನು ಬೇರೆ, ಛೇದವನ್ನು ಬೇರೆ ಜೋಡಿಸಿ, ನಡುವೆ ಗೆರೆಯನ್ನಿಟ್ಟು, ಸುತ್ತಲೂ ಸೀಸದ ತುಂಡುಗಳನ್ನು ತುಂಬಿ ಬಿಗಿಮಾಡಬೇಕಾಗಿತ್ತು. ಆ ಕಾಲ ಮುಗಿದು ಫೋಟೋ ಅಕ್ಷರಜೋಡಣೆ ಬಂದಾಗ ಕೆಲಸ ಹಗುರಾಯಿತು, ಆದರೆ ಅಂದ ಕೆಟ್ಟಿತು. 1977ರಲ್ಲಿ ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ಕ್ನೂತ್ ಅವರು ತಮ್ಮ ಗ್ರಂಥದ ಎರಡನೆಯ ಸಂಪುಟದ ಹೊಸ ಆವೃತ್ತಿಯ ಕರಡಚ್ಚನ್ನು ನೋಡಿ ಬೇಸರಗೊಂಡು, ತಾವೇ ಒಂದು ಅಕ್ಷರಜೋಡಣೆಯ ತಂತ್ರಾಂಶವನ್ನು ರಚಿಸಲು ಕುಳಿತರು. ಅದೇ ಟೆಕ್. ಮುಂದೆ 1980ರ ದಶಕದಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಅವರು ಅದರ ಮೇಲೆ ಲಾಟೆಕ್ ಎಂಬುದನ್ನು ಕಟ್ಟಿದರು. ಇಂದಿಗೂ ಗಣಿತದ ಪ್ರಬಂಧಗಳಲ್ಲಿ ಬಹುಪಾಲು ಲಾಟೆಕ್‌ನಲ್ಲಿಯೇ ಸಿದ್ಧವಾಗುತ್ತವೆ.

ಟೆಕ್‌ನಲ್ಲಿ ಬರೆಯುವುದು ಬೇರೆ, ಜೋಡಿಸುವುದು ಬೇರೆ. ಬರೆಯುವವರು ಸಂಕೇತಪದಗಳನ್ನು ಸಾದಾ ಅಕ್ಷರಗಳಲ್ಲಿ ಬರೆದುಕೊಂಡು ಹೋಗುತ್ತಾರೆ, ಆಮೇಲೆ ಯಂತ್ರಕ್ಕೆ ಒಪ್ಪಿಸುತ್ತಾರೆ, ಯಂತ್ರ ಪುಟಗಳನ್ನು ಮಾಡಿ ಕೊಡುತ್ತದೆ. ಆದುದರಿಂದ ಅಲ್ಲಿ ಬೆರಳಿಗೂ ಕಣ್ಣಿಗೂ ಜಗಳವಿಲ್ಲ. ಇನ್ನೊಂದು ದಾರಿ, ಪುಟವನ್ನೇ ಪರದೆಯ ಮೇಲೆ ಕಂಡು ತಿದ್ದುವ ದಾರಿ, ಅಷ್ಟರಲ್ಲಿಯೇ ಹುಟ್ಟಿತ್ತು. 1974ರಲ್ಲಿ ಕ್ಯಾಲಿಫೋರ್ನಿಯದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಬಟ್ಲರ್ ಲ್ಯಾಂಪ್ಸನ್, ಚಾರ್ಲ್ಸ್ ಸಿಮೋನಿ ಮೊದಲಾದವರು ಬ್ರಾವೋ ಎಂಬ ಎಡಿಟರನ್ನು ರಚಿಸಿದ್ದರು. ಈ ಎರಡು ದಾರಿಗಳನ್ನೂ ಕೂಡಿಸುವ ಯತ್ನಗಳು 1990ರ ದಶಕದಲ್ಲಿ ನಡೆದುವು. 1995ರಲ್ಲಿ ಜರ್ಮನಿಯ ಮಥಿಯಾಸ್ ಎಟ್ರಿಶ್ ಅವರು ಲಿಕ್ಸ್ ಎಂಬುದನ್ನು ಆರಂಭಿಸಿದರು. ಅದೇ ದಶಕದ ಕೊನೆಯಲ್ಲಿ ಫ್ರಾನ್ಸಿನಲ್ಲಿ ಕೆಲಸ ಮಾಡುವ ಗಣಿತಜ್ಞ ಯೋರಿಸ್ ವಾನ್ ಡೆರ್ ಹೂವೆನ್ ಅವರು ಟೆಕ್‌ಮ್ಯಾಕ್ಸ್ ಎಂಬುದನ್ನು ಆರಂಭಿಸಿದರು. ಎರಡೂ ಉಚಿತ. ಎರಡರ ಮೂಲ ಬರಹವೂ ಯಾರು ಬೇಕಾದರೂ ಓದಿ ತಿದ್ದಬಹುದಾದಂಥದು.

ಇನ್ನು ತಡದ ಲೆಕ್ಕಕ್ಕೆ ಬರೋಣ. ಮನುಷ್ಯನ ಇಂದ್ರಿಯಗಳು ಎಷ್ಟು ತಡವನ್ನು ಸಹಿಸುತ್ತವೆ ಎಂಬುದನ್ನು ಕುರಿತು 1968ರಲ್ಲಿಯೇ ರಾಬರ್ಟ್ ಮಿಲ್ಲರ್ ಎಂಬುವರು ಒಂದು ಲೇಖನ ಬರೆದರು. ಕೀಲಿ ಒತ್ತಿದುದಕ್ಕೆ ಸುಮಾರು 0.1 ಸೆಕೆಂಡಿನೊಳಗೆ ಉತ್ತರ ಕಾಣಬೇಕೆಂಬುದು ಅವರ ಅಭಿಪ್ರಾಯವಾಗಿತ್ತು. ಸಾಮಾನ್ಯ ಪರದೆ ಸೆಕೆಂಡಿಗೆ 60 ಸಲ ಹೊಸದಾಗಿ ಚಿತ್ರ ತೋರಿಸುತ್ತದೆ. ಎಂದರೆ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಸುಮಾರು 17 ಮಿಲಿಸೆಕೆಂಡು. ಆರು ಚಿತ್ರಗಳ ಅವಧಿಯೊಳಗೆ ಅಕ್ಷರ ಮೂಡಿದರೆ ಮಿಲ್ಲರ್ ಅವರ ಮಿತಿ ದಾಟಿದಂತಾಗದು.

ದಾಟಿದರೆ ಏನಾಗುತ್ತದೆ? ಮಿನಿಟಿಗೆ 40 ಶಬ್ದಗಳನ್ನು, ಶಬ್ದಕ್ಕೆ 5 ಅಕ್ಷರಗಳಂತೆ, ಟೈಪು ಮಾಡುವ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳಿ. ಮಿನಿಟಿಗೆ 200 ಅಕ್ಷರಗಳಾದುವು. ಒಂದೊಂದಕ್ಕೆ 300 ಮಿಲಿಸೆಕೆಂಡು. ಯಂತ್ರವು ಒಂದೊಂದು ಅಕ್ಷರಕ್ಕೆ 400 ಮಿಲಿಸೆಕೆಂಡು ತೆಗೆದುಕೊಂಡರೆ, ಒಂದು ಮಿನಿಟು ಮುಗಿಯುವ ಹೊತ್ತಿಗೆ 150 ಅಕ್ಷರಗಳು ಮಾತ್ರ ಪರದೆಯ ಮೇಲಿರುತ್ತವೆ. ಉಳಿದ 50 ಸರದಿಯಲ್ಲಿ ನಿಂತಿರುತ್ತವೆ. ಆಕೆ ಕೈ ನಿಲ್ಲಿಸಿ 20 ಸೆಕೆಂಡು ಸುಮ್ಮನೆ ಕುಳಿತರೆ ಮಾತ್ರ ತಾನು ಬರೆದುದನ್ನು ತಾನು ಕಾಣಬಹುದು. ಸಾದಾ ಗದ್ಯವಾದರೆ ಕಣ್ಣುಮುಚ್ಚಿಯಾದರೂ ಬರೆಯಬಹುದೆನ್ನೋಣ. ಗಣಿತದಲ್ಲಿ ಅದು ಸಾಧ್ಯವಿಲ್ಲ. ಬರೆಯುತ್ತಿರುವುದು ಅಂಶದಲ್ಲೋ ಛೇದದಲ್ಲೋ, ಘಾತದಿಂದ ಕೆಳಗಿಳಿದಿದ್ದೇವೋ ಇಲ್ಲವೋ ಎಂಬುದನ್ನು ಕಣ್ಣು ಹೇಳಿದ ಹೊರತು ಕೈಗೆ ತಿಳಿಯದು.

ಈ ತಡದ ಫಲವನ್ನು ನಾನು ಬರಹಗಳಲ್ಲಿಯೇ ಕಂಡಿದ್ದೇನೆ. ಕಾಗದದ ಮೇಲೆ ಏಳು ಹೆಜ್ಜೆಗಳಲ್ಲಿ ಸಾಧನೆ ಬರೆಯುವ ಹುಡುಗ ಪರದೆಯ ಮೇಲೆ ಮೂರು ಹೆಜ್ಜೆಗಳಲ್ಲಿ ಮುಗಿಸುತ್ತಾನೆ. ನಡುವಿನ ನಾಲ್ಕು ಅವನಿಗೆ ತಿಳಿಯದೆ ಅಲ್ಲ, ಬರೆಯಲು ಬೇಸರ. ಘಾತದಲ್ಲಿ ಒಂದು ಚಿಹ್ನೆ ತಪ್ಪಾಗಿ ಕುಳಿತರೆ, ಅಲ್ಲಿಗೆ ಹಿಂತಿರುಗಿ ತಿದ್ದುವ ಗೋಜಿಗೆ ಹೋಗದೆ ಹಾಗೆಯೇ ಬಿಡುತ್ತಾನೆ. ಓದುವವರು ಅವನಿಗೆ ವಿಷಯ ಬಾರದೆಂದು ತಿಳಿಯುತ್ತಾರೆ. ಹೀಗೆ ಯಂತ್ರದ ಮಂದಗತಿ ವಿದ್ಯಾರ್ಥಿಯ ಮಂದಬುದ್ಧಿಯಾಗಿ ತೋರುತ್ತದೆ. ಇದು ನನಗೆ ಅನ್ಯಾಯವೆಂದು ಕಾಣುತ್ತದೆ. ಈ ಲೇಖನವನ್ನು ಬರೆಯಲು ಪ್ರೇರಣೆಯಾದುದೂ ಇದೇ.

ತಡ ಏಕಾಗುತ್ತದೆ ಎಂಬುದನ್ನು ತಿಳಿಯಲು ಎಡಿಟರಿನ ಒಳಗೆ ನಡೆಯುವುದನ್ನು ಸ್ವಲ್ಪ ನೋಡಬೇಕು. ಗಣಿತದ ಬರಹವನ್ನು ಇಂಥ ಎಡಿಟರು ಒಂದು ಮರದಂತೆ ಇಟ್ಟುಕೊಂಡಿರುತ್ತದೆ. ಅಧ್ಯಾಯವೆಂಬ ಕೊಂಬೆ, ಅದರಲ್ಲಿ ಪ್ಯಾರಾ, ಪ್ಯಾರಾದಲ್ಲಿ ಸೂತ್ರ, ಸೂತ್ರದಲ್ಲಿ ಭಿನ್ನರಾಶಿ, ಅದಕ್ಕೆ ಅಂಶ ಛೇದಗಳೆಂಬ ಎರಡು ರೆಂಬೆಗಳು. ಹೊಸ ಅಕ್ಷರವನ್ನು ಈ ಮರಕ್ಕೆ ಸೇರಿಸುವುದು ಕ್ಷಣಾರ್ಧದ ಕೆಲಸ. ಕಷ್ಟವಿರುವುದು ಅನಂತರ. ಪ್ರತಿಯೊಂದು ಅಂಗವೂ ಅಗಲ, ಎತ್ತರ, ಆಳಗಳುಳ್ಳ ಒಂದು ಪೆಟ್ಟಿಗೆ. ಛೇದ ಅಗಲವಾದರೆ ಭಿನ್ನರಾಶಿಯ ಗೆರೆ ಉದ್ದವಾಗಬೇಕು. ಭಿನ್ನರಾಶಿ ಎತ್ತರವಾದರೆ ಸುತ್ತಲಿನ ಆವರಣ ಚಿಹ್ನೆಯೂ ಬೆಳೆಯಬೇಕು. ಸೂತ್ರ ಅಗಲವಾದರೆ ಸಾಲು ತುಂಬಿ ಮುಂದಿನ ಸಾಲಿಗೆ ಹರಿಯಬೇಕು. ಸಾಲು ಹೆಚ್ಚಿದರೆ ಪುಟ ಜರುಗಬೇಕು. ಪುಟ ಜರುಗಿದರೆ ಅಡಿಟಿಪ್ಪಣಿ, ವಿಷಯಸೂಚಿ, ‘ಇಂಥ ಪುಟ ನೋಡಿ’ ಎಂಬ ಸೂಚನೆಗಳೆಲ್ಲ ಬದಲಾಗಬೇಕು.

ಇದಕ್ಕೆ ಟೆಕ್‌ನ ಅಂದದ ನಿಯಮವೊಂದು ಸೇರುತ್ತದೆ. ಕ್ನೂತ್ ಅವರೂ ಮೈಕೆಲ್ ಪ್ಲಾಸ್ ಅವರೂ 1981ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಸಾಲುಗಳನ್ನು ಒಂದೊಂದಾಗಿ ಮುರಿಯದೆ, ಇಡೀ ಪ್ಯಾರಾವನ್ನು ಒಟ್ಟಿಗೆ ನೋಡಿ, ಎಲ್ಲ ಸಾಲುಗಳೂ ಸಮವಾಗಿ ಕಾಣುವಂತೆ ಮುರಿಯಲಾಗುತ್ತದೆ. ಅಚ್ಚಿನಲ್ಲಿ ಇದರ ಸೊಗಸು ಎದ್ದು ಕಾಣುತ್ತದೆ. ಆದರೆ ಪ್ಯಾರಾದ ಕೊನೆಯಲ್ಲಿ ಒಂದಕ್ಷರ ಸೇರಿಸಿದರೆ ಮೊದಲ ಸಾಲಿನ ಮುರಿತವೂ ಬದಲಾಗಬಹುದು. ಕಂಡಂತೆ ಬರೆಯುವ ಎಡಿಟರು ಈ ಸೊಗಸನ್ನು ಬಿಡಬಾರದೆಂದರೆ, ಒಂದೊಂದು ಕೀಲಿಗೂ ಇಡೀ ಪ್ಯಾರಾವನ್ನು ಮತ್ತೆ ಅಳೆಯಬೇಕಾಗುತ್ತದೆ.

ಕನ್ನಡ ಟೈಪು ಮಾಡುವವರಿಗೆ ಇದು ಅಪರಿಚಿತವೇನಲ್ಲ. ‘ಸ್ತ್ರೀ’ ಎಂಬ ಒಂದೇ ಅಕ್ಷರ ಯೂನಿಕೋಡಿನಲ್ಲಿ ಆರು ಸಂಕೇತಗಳಾಗಿ ಕುಳಿತಿದೆ: ಮೂರು ವ್ಯಂಜನ, ಎರಡು ಹಲಂತ, ಒಂದು ದೀರ್ಘದ ಗುರುತು. ಒಂದೊಂದು ಸಂಕೇತ ಬಂದಾಗಲೂ ಹಿಂದೆ ಬರೆದುದರ ಆಕಾರ ಬದಲಾಗುತ್ತದೆ. ಒತ್ತು ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. ಆದರೂ ಆ ಬದಲಾವಣೆ ಆ ಒಂದು ಅಕ್ಷರದ ಮೇರೆಯನ್ನು ದಾಟುವುದಿಲ್ಲ. ‘ಸ್ತ್ರೀ’ ಬರೆದುದಕ್ಕಾಗಿ ಹಿಂದಿನ ವಾಕ್ಯದ ಅಕ್ಷರಗಳ ಆಕಾರವನ್ನು ಯಾರೂ ಮತ್ತೆ ಲೆಕ್ಕ ಹಾಕುವುದಿಲ್ಲ. ಗಣಿತದಲ್ಲಿಯೂ ಇಂಥ ಮೇರೆಗಳನ್ನು ಗುರುತಿಸುವುದೇ ಪರಿಹಾರದ ಮೊದಲ ಸೂತ್ರ.

ಹಳೆಯ ಕರಡು ತಿದ್ದುವವರಿಗೆ ಈ ಸೂತ್ರ ಗೊತ್ತಿತ್ತು. ಜೋಡಿಸಿದ ಸಾಲಿನಿಂದ ಒಂದು ಶಬ್ದ ತೆಗೆದರೆ ಅಷ್ಟೇ ಅಗಲದ ಇನ್ನೊಂದು ಶಬ್ದವನ್ನು ಅಲ್ಲಿ ಕೂರಿಸುತ್ತಿದ್ದರು. ಹಾಗೆ ಮಾಡಿದರೆ ಸಾಲು ಅಲುಗುವುದಿಲ್ಲ, ಮೊಳೆ ಜೋಡಿಸುವವನು ಪ್ಯಾರಾವನ್ನೆಲ್ಲ ಕಿತ್ತು ಹಾಕಬೇಕಾಗಿಲ್ಲ. ಎಡಿಟರು ಮಾಡಬೇಕಾದುದೂ ಇದನ್ನೇ. ಒಂದು ಭಿನ್ನರಾಶಿಯ ಅಂಶದಲ್ಲಿ ಕ + 1 ಇದೆ, ಛೇದದಲ್ಲಿ ಅ² + 2ಅಬ + ಬ² ಇದೆ ಎನ್ನೋಣ. ಅಂಶದ 1ನ್ನು ಅಳಿಸಿ 25 ಎಂದು ಬರೆದರೆ ಅಂಶ ಅಗಲವಾಯಿತು, ನಿಜ. ಆದರೆ ಛೇದ ಅದಕ್ಕಿಂತಲೂ ಅಗಲವಾಗಿರುವುದರಿಂದ ಇಡೀ ಭಿನ್ನರಾಶಿಯ ಪೆಟ್ಟಿಗೆ ಒಂದು ಕೂದಲೆಳೆಯಷ್ಟೂ ಬದಲಾಗಲಿಲ್ಲ. ಎಂದ ಮೇಲೆ ಸಾಲನ್ನೂ ಪ್ಯಾರಾವನ್ನೂ ಪುಟವನ್ನೂ ಮುಟ್ಟಲು ಕಾರಣವೇ ಇಲ್ಲ. ಲೆಕ್ಕವನ್ನು ಅಲ್ಲಿಗೇ ನಿಲ್ಲಿಸಿ ಬಿಡಬಹುದು. ಪೆಟ್ಟಿಗೆ ಬದಲಾದರೂ ಪ್ಯಾರಾದ ಎತ್ತರ ಬದಲಾಗದಿದ್ದರೆ ಪ್ಯಾರಾದಲ್ಲಿ ನಿಲ್ಲಿಸಬಹುದು. ಪ್ರತಿಯೊಂದು ಮೇರೆಯಲ್ಲಿಯೂ ‘ಹೊರಗಿನವರಿಗೆ ಇದರಿಂದ ವ್ಯತ್ಯಾಸ ಉಂಟೋ?’ ಎಂದು ಕೇಳಿ, ಇಲ್ಲವೆಂದರೆ ಅಲ್ಲಿಯೇ ತಡೆಯುವುದು ಜಾಣತನ.

ಇದಕ್ಕೆ ಜೊತೆಯಾಗಿ ನೆನಪು ಬೇಕು. ಬದಲಾಗದ ಭಾಗಗಳ ಜೋಡಣೆಯನ್ನು ಹಾಗೆಯೇ ಉಳಿಸಿಕೊಂಡು, ಬದಲಾದುದನ್ನಷ್ಟೇ ಹೊಸದಾಗಿ ಮಾಡಬೇಕು. ಟೆಕ್‌ಮ್ಯಾಕ್ಸ್‌ನ ರಚನೆ ಈ ತತ್ತ್ವದ ಮೇಲೆಯೇ ನಿಂತಿದೆ. ಬರಹದ ಮರಕ್ಕೂ ಜೋಡಣೆಯಾದ ಪೆಟ್ಟಿಗೆಗಳಿಗೂ ನಡುವೆ ಹಳೆಯ ಫಲಗಳನ್ನು ಕಾಪಾಡುವ ಭಾಗಗಳು ಅದರಲ್ಲಿವೆ. ಅವಕ್ಕೆ ‘ಸೇತುವೆ’ ಎಂಬರ್ಥದ ಹೆಸರನ್ನೇ ಇಟ್ಟಿದ್ದಾರೆ.

ಎರಡನೆಯ ಸೂತ್ರ, ಬೆರಳಿನ ಕೆಲಸ ಮೊದಲು, ಪುಟದ ಅಂದ ಆಮೇಲೆ. ಬರೆಯುವವರ ಕಣ್ಣಿಗೆ ಆ ಕ್ಷಣದಲ್ಲಿ ಬೇಕಾದುದು ತಾನು ಒತ್ತಿದ ಅಕ್ಷರ ಮತ್ತು ಅದು ಕುಳಿತ ಸ್ಥಳ. ಮೂವತ್ತನೆಯ ಪುಟದ ಅಡಿಟಿಪ್ಪಣಿ ಎಲ್ಲಿಗೆ ಸರಿಯಿತೆಂಬುದು ಆಗಲೇ ಬೇಕಾಗಿಲ್ಲ. ಪರದೆಯ ಮೇಲೆ ಕಾಣುವ ಭಾಗವನ್ನು ಮೊದಲು ಸರಿಪಡಿಸಿ, ಕೈ ಬಿಡುವಾಗಿರುವಾಗ ಉಳಿದುದನ್ನು ಮಾಡಿದರಾಯಿತು. ಈಮ್ಯಾಕ್ಸ್ ಎಂಬ ಪ್ರಸಿದ್ಧ ಎಡಿಟರು ಬಹಳ ಹಿಂದಿನಿಂದಲೇ, ಪರದೆಯನ್ನು ಚಿತ್ರಿಸುತ್ತಿರುವಾಗ ಹೊಸ ಕೀಲಿ ಬಂದರೆ ಚಿತ್ರಿಸುವುದನ್ನು ಅರ್ಧಕ್ಕೇ ನಿಲ್ಲಿಸಿ ಕೀಲಿಗೆ ಮನ್ನಣೆ ಕೊಡುತ್ತಿತ್ತು. ಐದು ಕೀಲಿಗಳು ಒಟ್ಟಿಗೆ ಕಾದಿದ್ದರೆ ಐದನ್ನೂ ಮರಕ್ಕೆ ಸೇರಿಸಿ ಒಂದೇ ಸಲ ಜೋಡಿಸಬೇಕೇ ಹೊರತು, ಯಾರೂ ನೋಡದ ನಾಲ್ಕು ನಡುವಿನ ಸ್ಥಿತಿಗಳನ್ನು ಅಂದವಾಗಿ ಚಿತ್ರಿಸುವುದರಲ್ಲಿ ಅರ್ಥವಿಲ್ಲ. ಲಿಕ್ಸ್‌ನವರು ಇನ್ನೂ ಮುಂದೆ ಹೋಗಿ, ಪರದೆಯ ಮೇಲೆ ರಚನೆಯನ್ನು ಮಾತ್ರ ತೋರಿಸಿ, ಸಾಲುಗಳನ್ನು ಕಿಟಕಿಯ ಅಗಲಕ್ಕೆ ಮುರಿದು, ನಿಜವಾದ ಪುಟಗಳನ್ನು ಕೊನೆಯಲ್ಲಿ ಲಾಟೆಕ್‌ನಿಂದ ಮಾಡಿಸುತ್ತಾರೆ. ಇದು ಬುದ್ಧಿವಂತಿಕೆಯ ಒಪ್ಪಂದವೆಂದು ನನ್ನ ಎಣಿಕೆ.

ಮೂರನೆಯದು ಅಳತೆಯ ಪ್ರಶ್ನೆ. ಸರಾಸರಿ ತಡ ಇಷ್ಟೇ ಎಂದು ಹೇಳಿ ಸಮಾಧಾನ ಮಾಡಿದರೆ ಸಾಲದು. ತೊಂಬತ್ತೊಂಬತ್ತು ಅಕ್ಷರಗಳು 20 ಮಿಲಿಸೆಕೆಂಡಿನಲ್ಲಿ ಬಂದು ನೂರನೆಯದು ಒಂದು ಸೆಕೆಂಡು ನಿಂತರೆ ಸರಾಸರಿ 30ನ್ನೂ ದಾಟದು. ಆದರೆ ಬರೆಯುವವರ ಮನಸ್ಸು ಎಡವುವುದು ಆ ನೂರನೆಯದರಲ್ಲಿಯೇ. ಹೊಳೆ ದಾಟುವವನಿಗೆ ಸರಾಸರಿ ಆಳ ಮೊಣಕಾಲುದ್ದವೆಂದು ಹೇಳಿದರೆ ಪ್ರಯೋಜನವೇನು? ಮಡು ಎಲ್ಲಿದೆಯೆಂದು ಹೇಳಬೇಕು.

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ಹೊಸ ಕಂಪ್ಯೂಟರು ಕೊಂಡರೆ ತಡವೆಲ್ಲ ತಾನೇ ಮಾಯವಾಗುತ್ತದೆ ಎಂಬುದು ಒಂದು. ಸರಕಾರಿ ಕಾಲೇಜುಗಳಲ್ಲಿ ಹೊಸ ಯಂತ್ರ ಎಷ್ಟು ವರ್ಷಕ್ಕೊಮ್ಮೆ ಬರುತ್ತದೆಂಬುದನ್ನು ಬಲ್ಲವರು ಈ ಮಾತಿಗೆ ನಕ್ಕಾರು. ಅದಿರಲಿ, ಲೆಕ್ಕವನ್ನೇ ನೋಡೋಣ. ಒಂದು ಕೀಲಿಯ ಕೆಲಸ ಬರಹದ ಉದ್ದಕ್ಕೆ ಅನುಗುಣವಾಗಿ ಬೆಳೆಯುವುದಾದರೆ, ಎರಡರಷ್ಟು ವೇಗದ ಯಂತ್ರ ತಂದ ದಿನ ತಡ ಅರ್ಧವಾಗುತ್ತದೆ. ಬರಹ ಎರಡರಷ್ಟಾದ ದಿನ ಮತ್ತೆ ಮೊದಲಿನಂತೆಯೇ ಆಗುತ್ತದೆ. ಉದ್ದದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದಾದರೆ ನಾಲ್ಕರಷ್ಟು ವೇಗದ ಯಂತ್ರವೂ ಎರಡರಷ್ಟು ಉದ್ದದ ಬರಹಕ್ಕೆ ಮಾತ್ರ ಸಾಕು. ಮಾಡಿದ ಬದಲಾವಣೆಗೆ ತಕ್ಕಷ್ಟೇ ಕೆಲಸವೆಂಬ ನಿಯಮವಿದ್ದರೆ ಹಳೆಯ ಯಂತ್ರವೂ ಇನ್ನೂರು ಪುಟದ ಪ್ರಬಂಧವನ್ನು ಸಲೀಸಾಗಿ ನಡೆಸೀತು.

ಎಲ್ಲರೂ ಲಾಟೆಕ್ ಕಲಿತು ಸಂಕೇತಗಳಲ್ಲಿಯೇ ಬರೆಯಲಿ ಎಂಬುದು ಇನ್ನೊಂದು. ಲಾಟೆಕ್ ಕಲಿಯಬೇಕೆಂಬುದರಲ್ಲಿ ನನ್ನದೂ ಒಮ್ಮತವೇ. ಆದರೆ ಭಿನ್ನರಾಶಿಯನ್ನು ಈಗತಾನೆ ಅರ್ಥಮಾಡಿಕೊಳ್ಳುತ್ತಿರುವವರ ಕಣ್ಣಿಗೆ ಮೇಲೆ ಕೆಳಗೆ ಎಂಬ ಆಕಾರವೇ ಅರ್ಥದ ಅರ್ಧಭಾಗ. ಆವರಣ ಚಿಹ್ನೆಗಳ ಸಾಲಿನಲ್ಲಿ ಒಂದು ತಪ್ಪಿದರೆ ಎಲ್ಲಿ ತಪ್ಪಿತೆಂದು ಹುಡುಕುವುದು ಅಂಥವರಿಗೆ ಗಣಿತಕ್ಕಿಂತ ದೊಡ್ಡ ಕಷ್ಟವಾಗುತ್ತದೆ. ಎರಡು ದಾರಿಗಳೂ ಇರಲಿ. ಒಂದು ದಾರಿಯಲ್ಲಿ ಗುಂಡಿ ಬಿದ್ದಿದೆಯೆಂದರೆ ಅದನ್ನು ಮುಚ್ಚುವ ಬದಲು ಇನ್ನೊಂದು ದಾರಿ ಹಿಡಿಯಿರೆನ್ನುವುದು ಸರಿಯಾದ ಉತ್ತರವಲ್ಲ.

ರಚನಕಾರರು ತಿದ್ದುವವರೆಗೆ ನಾವು ಮಾಡಬಹುದಾದುದೂ ಕೆಲವುಂಟು. ದೊಡ್ಡ ಪ್ರಬಂಧವನ್ನು ಅಧ್ಯಾಯಕ್ಕೊಂದು ಕಡತವಾಗಿ ಒಡೆದು, ಕೊನೆಯಲ್ಲಿ ಸೇರಿಸಿಕೊಳ್ಳಬಹುದು; ಲಿಕ್ಸ್, ಟೆಕ್‌ಮ್ಯಾಕ್ಸ್ ಎರಡರಲ್ಲಿಯೂ ಇದಕ್ಕೆ ಏರ್ಪಾಡಿದೆ. ಪುಟಗಟ್ಟಲೆ ಉದ್ದದ ಪ್ಯಾರಾಗಳನ್ನು ಬರೆಯದಿದ್ದರೆ ಓದುವವರಿಗೂ ಯಂತ್ರಕ್ಕೂ ಉಪಕಾರ. ಒಂದು ಮನೆ ಅಗಲವಾದರೆ ಸಾಲುಸಾಲೇ ಅಗಲವಾಗುವುದರಿಂದ ದೊಡ್ಡ ಕೋಷ್ಟಕದೊಳಗೆ ಸೂತ್ರಗಳನ್ನು ತುರುಕಬಾರದು. ಬರೆಯುವ ಹೊತ್ತಿನಲ್ಲಿ ಪುಟವಿಂಗಡಣೆಯ ನೋಟವನ್ನೂ ಕಾಗುಣಿತದ ತಪಾಸಣೆಯನ್ನೂ ಆರಿಸಿಟ್ಟು, ಮುಗಿದ ಮೇಲೆ ಹಾಕಿಕೊಳ್ಳಬಹುದು.

ಆದರೆ ಇವು ತಾತ್ಕಾಲಿಕ ಉಪಾಯಗಳು. ತಡವನ್ನು ನೀಗಿಸುವ ಹೊಣೆ ಎಡಿಟರನ್ನು ರಚಿಸುವವರದೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಕ್ಷರ ತಪ್ಪಾಗಿ ಮೂಡಿದರೆ ಅದನ್ನು ದೋಷವೆಂದು ಒಪ್ಪುವ ರಚನಕಾರರು, ತಡವಾಗಿ ಮೂಡಿದರೆ ಅದನ್ನು ಯಂತ್ರದ ಹಣೆಬರಹವೆನ್ನಬಾರದು. ಸಮಯಕ್ಕೆ ಮೂಡದ ಅಕ್ಷರವೂ ತಪ್ಪಾದ ಅಕ್ಷರದಂತೆಯೇ ಒಂದು ದೋಷ.

ನಮ್ಮ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಕೆಲಸವಿದೆಯೆಂದು ನಾನು ನಂಬಿದ್ದೇನೆ. ಸೆಕೆಂಡಿಗೆ 240 ಚಿತ್ರಗಳನ್ನು ಹಿಡಿಯುವ ಮೊಬೈಲು ಫೋನು ಇಂದು ಅನೇಕರಲ್ಲಿದೆ. ಬೆರಳೂ ಪರದೆಯೂ ಎರಡೂ ಕಾಣುವಂತೆ ಅದನ್ನಿಟ್ಟು, ಕೀಲಿ ಕೆಳಗಿಳಿದ ಚಿತ್ರದಿಂದ ಅಕ್ಷರ ಮೂಡಿದ ಚಿತ್ರದವರೆಗೆ ಎಣಿಸಿದರೆ ಒಂದೊಂದಕ್ಕೆ ಸುಮಾರು 4 ಮಿಲಿಸೆಕೆಂಡಿನಂತೆ ತಡದ ಅಳತೆ ಸಿಗುತ್ತದೆ. ಒಂದು ಪುಟದ ಕಡತದಲ್ಲಿ, ಐವತ್ತು ಪುಟದ್ದರಲ್ಲಿ, ನೂರು ಪುಟದ್ದರಲ್ಲಿ ಹೀಗೆ ಅಳೆದು, ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಕಲಿತಂತೆ ರೇಖಾಚಿತ್ರ ಬರೆದರೆ, ತಡ ಉದ್ದದೊಂದಿಗೆ ಬೆಳೆಯುತ್ತದೋ ಇಲ್ಲವೋ ಎಂಬುದು ಮಗುವಿಗೂ ತಿಳಿಯುತ್ತದೆ. ‘ನಿಮ್ಮ ತಂತ್ರಾಂಶ ನಿಧಾನ’ ಎಂದು ಗೊಣಗಿದರೆ ಯಾರೂ ಕಿವಿಗೊಡರು. ಇಂಥ ಕಡತ, ಇಂಥ ಸೂತ್ರ, ಇಷ್ಟು ತಡ, ಇದೋ ಅಳತೆ ಎಂದು ಬರೆದು ಕಳಿಸಿದರೆ ಓದುವವರು ಇದ್ದಾರೆ. ಮೂಲವೇ ತೆರೆದಿರುವ ತಂತ್ರಾಂಶಗಳಾದುದರಿಂದ, ಮುಂದೊಂದು ದಿನ ನಮ್ಮವರೇ ಯಾರಾದರೂ ಒಳಹೊಕ್ಕು ತಿದ್ದಲೂ ಅಡ್ಡಿಯಿಲ್ಲ. ಗಣಕವಿಜ್ಞಾನದ ಪದವಿ ಇಲ್ಲವೆಂದು ಯಾರೂ ಹಿಂಜರಿಯಬೇಕಾಗಿಲ್ಲ. ಎಣಿಸುವ ತಾಳ್ಮೆಯೂ ಸ್ಪಷ್ಟವಾಗಿ ಬರೆಯುವ ಅಭ್ಯಾಸವೂ ಇದ್ದರೆ ಈ ವರ್ಷವೇ ಆರಂಭಿಸಬಹುದು.